ಪರದೆಯ ಎರಡೂ ಬದಿ: ವಿಡಿಯೋ ವಿಚಾರಣೆಗಳ ಮೇಲೆ ಪಿಎಚ್‌ಡಿ ಮಾಡುವುದು ಹೇಗೆ?

ವಿಡಿಯೋ ಲಿಂಕ್ ಮೂಲಕ ನಡೆಯುವ ವಿಚಾರಣೆಗಳ ಮೇಲೆ ಸಂಶೋಧನೆ ಮಾಡುವವರು ಸಾಮಾನ್ಯವಾಗಿ ಕೂರುವುದು ಕೋರ್ಟ್ ಹಾಲಿನಲ್ಲಿ. ಅಲ್ಲಿಂದ ನ್ಯಾಯಾಧೀಶರು ಕಾಣುತ್ತಾರೆ, ವಕೀಲರು ಕಾಣುತ್ತಾರೆ, ಗೋಡೆಯ ಮೇಲಿನ ಪರದೆ ಕಾಣುತ್ತದೆ. ಆ ಪರದೆಯೊಳಗೆ ಇರುವ ಮನುಷ್ಯನಿಗೆ ಏನು ಕಾಣುತ್ತಿದೆ, ಏನು ಕೇಳಿಸುತ್ತಿದೆ, ಅವನ ಪಕ್ಕ ಯಾರು ನಿಂತಿದ್ದಾರೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಜೈಲಿನ ಕೋಣೆಯೊಳಗೆ ಹೋಗಲು ಅನುಮತಿ ಬೇಕು. ಸಾಕ್ಷಿಯನ್ನು ಹುಡುಕಿಕೊಂಡು ಹೋಗಲು ಸಮಯ ಬೇಕು. ಹಾಗಾಗಿ ಸುಲಭವಾಗಿ ಸಿಗುವ ಬದಿಯನ್ನಷ್ಟೇ ನೋಡಿ, ಅರ್ಧ ಚಿತ್ರವನ್ನೇ ಪೂರ್ತಿ ಎಂದು ಬರೆದುಬಿಡುವ ಅಪಾಯ ಇದ್ದೇ ಇದೆ. ಮುಂದಿನ ಎಲ್ಲ ಸಲಹೆಗಳ ಹಿಂದೆ ಇರುವುದು ಒಂದೇ ಮಾತು: ಲಿಂಕಿಗೆ ಎರಡು ತುದಿ ಇದೆ, ನಿಮ್ಮ ಸಂಶೋಧನೆ ಎರಡೂ ಕಡೆ ಮುಟ್ಟಬೇಕು.

ಕಾನೂನು, ಸಮಾಜಶಾಸ್ತ್ರ, ಮನೋವಿಜ್ಞಾನ, ಭಾಷಾವಿಜ್ಞಾನ, ಯಾವ ವಿಭಾಗದಿಂದ ಬಂದರೂ ಈ ವಿಷಯ ತೆಗೆದುಕೊಳ್ಳಬಹುದು. ವಿಧಾನ ಬೇರೆ ಬೇರೆಯಾಗುತ್ತದೆ ಅಷ್ಟೇ.

ಮೊದಲು ಪ್ರಶ್ನೆಯನ್ನು ಕಿರಿದು ಮಾಡಿ

"ವಿಡಿಯೋ ವಿಚಾರಣೆ ನ್ಯಾಯಯುತವೇ?" ಇದು ಪಿಎಚ್‌ಡಿ ಪ್ರಶ್ನೆಯಲ್ಲ. ಮೂರು ವರ್ಷವಲ್ಲ, ಮೂವತ್ತು ವರ್ಷ ಕೊಟ್ಟರೂ ಇದಕ್ಕೆ ಉತ್ತರ ಸಿಗುವುದಿಲ್ಲ. ವಿಡಿಯೋ ವಿಚಾರಣೆ ಅನ್ನುವ ಒಂದೇ ಹೆಸರಿನ ಕೆಳಗೆ ಹತ್ತಾರು ಬೇರೆ ಬೇರೆ ಸಂಗತಿಗಳು ಇವೆ. ಅವನ್ನು ಬಿಡಿಸಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಯಾವ ಹಂತ? ನ್ಯಾಯಾಂಗ ಬಂಧನ ವಿಸ್ತರಿಸುವ ಎರಡು ನಿಮಿಷದ ಕಲಾಪ ಬೇರೆ, ಜಾಮೀನು ಅರ್ಜಿ ಬೇರೆ, ಸಾಕ್ಷಿಯ ಮುಖ್ಯ ವಿಚಾರಣೆ ಮತ್ತು ಪಾಟೀ ಸವಾಲು ಬೇರೆ, ಶಿಕ್ಷೆಯ ಪ್ರಮಾಣ ಹೇಳುವ ದಿನ ಬೇರೆ. 2020ರ ಮೇ ತಿಂಗಳಲ್ಲಿ ಸಿಂಗಾಪುರ ಮತ್ತು ನೈಜೀರಿಯಾದ ಕೋರ್ಟುಗಳು ಝೂಮ್ ಮೂಲಕವೇ ಮರಣದಂಡನೆ ವಿಧಿಸಿದವು. ಅದನ್ನೂ ಒಂದು ಡೇಟ್ ಮುಂದೂಡಿದ ಕಲಾಪವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ, ಅಲ್ವಾ?

ಎರಡು, ದೂರದಲ್ಲಿರುವವರು ಯಾರು? ಆರೋಪಿಯೋ, ಸಾಕ್ಷಿಯೋ, ವಕೀಲರೋ, ದುಭಾಷಿಯೋ, ನ್ಯಾಯಾಧೀಶರೋ? ಎಲ್ಲರೂ ಬೇರೆ ಬೇರೆ ಕಡೆ ಇದ್ದು ಕೋರ್ಟ್ ಹಾಲೇ ಇಲ್ಲದ ಕಲಾಪವೋ? ಎಲ್ಲರೂ ದೂರ ಇದ್ದಾಗ ಒಂದು ರೀತಿಯ ಸಮಾನತೆ ಇರುತ್ತದೆ. ಆರೋಪಿ ಒಬ್ಬನೇ ದೂರ ಇದ್ದು ಮಿಕ್ಕವರೆಲ್ಲ ಒಂದೇ ಹಾಲಿನಲ್ಲಿ ಇದ್ದಾಗ ಆ ಸಮಾನತೆ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಗಮನ ಬೇಕಾಗಿರುವುದು ಈ ಎರಡನೆಯ ಬಗೆಗೆ.

ಮೂರು, ವಿಡಿಯೋ ಯಾಕೆ ಬಂತು? ಸಾಕ್ಷಿಯ ರಕ್ಷಣೆಗೋ, ದೂರದ ಕಾರಣಕ್ಕೋ, ಕೈದಿಗಳನ್ನು ಕರೆತರುವ ಖರ್ಚು ಉಳಿಸಲೋ, ಸಾಂಕ್ರಾಮಿಕ ರೋಗಕ್ಕೋ? ಕಾರಣ ಬದಲಾದರೆ ಅಳೆಯಬೇಕಾದ ಫಲವೂ ಬದಲಾಗುತ್ತದೆ. ಮಗುವಿನ ರಕ್ಷಣೆಗೆ ತಂದ ವ್ಯವಸ್ಥೆಯನ್ನು ಖರ್ಚಿನ ಲೆಕ್ಕದಲ್ಲಿ ಅಳೆಯುವುದು ತಪ್ಪು. ಖರ್ಚು ಉಳಿಸಲು ತಂದದ್ದನ್ನು ಬರೀ ಖರ್ಚಿನಲ್ಲೇ ಅಳೆಯುವುದು ಇನ್ನೂ ದೊಡ್ಡ ತಪ್ಪು.

ಈ ಮೂರಕ್ಕೂ ಉತ್ತರ ಬರೆದ ಮೇಲೆ ಪ್ರಶ್ನೆ ಹೀಗೆ ಕಾಣಬಹುದು: "ಜೈಲಿನಿಂದ ವಿಡಿಯೋ ಮೂಲಕ ಹಾಜರಾಗುವ ವಿಚಾರಣಾಧೀನ ಕೈದಿಗೆ, ಜಾಮೀನು ಕಲಾಪದ ವೇಳೆ ತನ್ನ ವಕೀಲರ ಜೊತೆ ಗುಟ್ಟಾಗಿ ಮಾತಾಡುವ ಅವಕಾಶ ಎಷ್ಟು ಸಿಗುತ್ತದೆ?" ಇದಕ್ಕೆ ಉತ್ತರ ಹುಡುಕಬಹುದು. ಇದೇ ಪ್ರಶ್ನೆ ಮುಂದೆ ದೊಡ್ಡ ಪ್ರಶ್ನೆಗೂ ದಾರಿ ಮಾಡಿಕೊಡುತ್ತದೆ.

ಕಾನೂನಿನ ನಕ್ಷೆ ಬರೆಯಿರಿ

ಈ ಅಧ್ಯಾಯವನ್ನು ಬೇಗ ಮುಗಿಸಬಹುದು ಅಂತ ಅನೇಕರು ಅಂದುಕೊಳ್ಳುತ್ತಾರೆ. ತೀರ್ಪುಗಳನ್ನು ಸುಮ್ನೆ ಸಾಲಾಗಿ ಜೋಡಿಸಿದರೆ ಅದು ಅಧ್ಯಾಯವಾಗುವುದಿಲ್ಲ. ಪ್ರತಿ ತೀರ್ಪಿನಲ್ಲೂ ಯಾರು ಎಲ್ಲಿ ಕೂತಿದ್ದರು ಅನ್ನುವುದನ್ನು ಕಾಗದದ ಮೇಲೆ ಗೆರೆ ಹಾಕಿ ಬಿಡಿಸಿ ನೋಡಿ. ಆಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟ್ 1990ರಲ್ಲಿ ತೀರ್ಮಾನಿಸಿದ ಮೇರಿಲ್ಯಾಂಡ್ ವಿರುದ್ಧ ಕ್ರೇಗ್ ಪ್ರಕರಣ ತೆಗೆದುಕೊಳ್ಳಿ. ಅಲ್ಲಿ ಸಾಕ್ಷಿ ಹೇಳಬೇಕಿದ್ದ ಮಗು ಬೇರೆ ಕೋಣೆಯಲ್ಲಿತ್ತು. ಸರ್ಕಾರಿ ವಕೀಲರು ಮತ್ತು ಆರೋಪಿಯ ವಕೀಲರು ಮಗುವಿನ ಜೊತೆಗೇ ಇದ್ದರು. ಆರೋಪಿ, ನ್ಯಾಯಾಧೀಶರು, ಜ್ಯೂರಿ ಹಾಲಿನಲ್ಲೇ ಕೂತು ಟಿವಿಯಲ್ಲಿ ನೋಡಿದರು. ಮಗುವಿಗೆ ಆರೋಪಿ ಕಾಣುತ್ತಿರಲಿಲ್ಲ. ಆರೋಪಿಗೆ ಸಾಕ್ಷಿಯನ್ನು ಎದುರಿಸುವ ಹಕ್ಕು ಅಲ್ಲಿನ ಸಂವಿಧಾನದಲ್ಲೇ ಇದ್ದರೂ, ಐದಕ್ಕೆ ನಾಲ್ಕು ಮತದಿಂದ ಕೋರ್ಟ್ ಇದನ್ನು ಒಪ್ಪಿತು.

ಭಾರತದಲ್ಲಿ 2003ರ ಮಹಾರಾಷ್ಟ್ರ ಸರ್ಕಾರ ವಿರುದ್ಧ ಪ್ರಫುಲ್ ದೇಸಾಯಿ ತೀರ್ಪು ಮೂಲ ಕಲ್ಲು. ಸಾಕ್ಷಿ ಅಮೆರಿಕದಲ್ಲಿದ್ದ ಒಬ್ಬ ವೈದ್ಯರು, ಭಾರತಕ್ಕೆ ಬರಲು ಒಪ್ಪಲಿಲ್ಲ. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 273ನೇ ಕಲಂ ಪ್ರಕಾರ ಸಾಕ್ಷ್ಯವನ್ನು ಆರೋಪಿಯ ಸಮ್ಮುಖದಲ್ಲಿ ಪಡೆಯಬೇಕಿತ್ತು. ಸಮ್ಮುಖ ಅಂದರೆ ದೇಹವೇ ಒಂದೇ ಕೋಣೆಯಲ್ಲಿ ಇರಬೇಕೆಂದಿಲ್ಲ, ಆರೋಪಿಗೆ ಸಾಕ್ಷಿ ಪರದೆಯ ಮೇಲೆ ಕಂಡು ಮಾತು ಕೇಳಿಸಿದರೆ ಸಾಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ 2017ರಲ್ಲಿ ಸಂತಿನಿ ಪ್ರಕರಣದಲ್ಲಿ, ಗಂಡ ಹೆಂಡತಿ ಜಗಳದ ಮೊಕದ್ದಮೆಗಳ ವಿಷಯ ಬಂದಾಗ, ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ವಿಡಿಯೋ ಕಾನ್ಫರೆನ್ಸಿಗೆ ಬಿಗಿ ಹಾಕಿದರು. ಒಬ್ಬರು ಒಪ್ಪಲಿಲ್ಲ. ಆ ಭಿನ್ನಾಭಿಪ್ರಾಯವನ್ನು ತಪ್ಪದೆ ಓದಿ. ಮುಖಾಮುಖಿ ಕೂತರೆ ಸಂಧಾನ ಸುಲಭ ಅನ್ನುವ ನಂಬಿಕೆ ಮತ್ತು ದೂರದಿಂದ ಹಾಜರಾಗುವ ಹೆಣ್ಣಿನ ಅನುಕೂಲ, ಎರಡೂ ಅಲ್ಲಿ ಎದುರುಬದುರು ನಿಂತಿವೆ.

ಆಮೇಲೆ ಕಾನೂನು ಎಷ್ಟು ಬೇಗ ಓಡಿತು ನೋಡಿ. 2020ರ ಏಪ್ರಿಲ್ 6ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಎರಡೂ ಕಡೆಯವರು ಒಪ್ಪದಿದ್ದರೆ ವಿಡಿಯೋ ಮೂಲಕ ಸಾಕ್ಷ್ಯ ದಾಖಲಿಸಬಾರದು ಎಂದಿತ್ತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಂ, ವಿಚಾರಣೆಗಳನ್ನೂ ಇತರ ಕಲಾಪಗಳನ್ನೂ ಎಲೆಕ್ಟ್ರಾನಿಕ್ ವಿಧಾನದಲ್ಲಿ ನಡೆಸಬಹುದು ಎನ್ನುತ್ತದೆ. ಆದರೂ ಅದೇ ಸಂಹಿತೆಯ 187ನೇ ಕಲಂ ಒಂದು ಗೆರೆ ಎಳೆದಿದೆ. ಪೊಲೀಸ್ ಕಸ್ಟಡಿ ಕೇಳುವಾಗ ಆರೋಪಿಯನ್ನು ಖುದ್ದಾಗಿ ಹಾಜರುಪಡಿಸಬೇಕು, ನ್ಯಾಯಾಂಗ ಬಂಧನ ವಿಸ್ತರಿಸಲು ವಿಡಿಯೋ ನಡೆಯುತ್ತದೆ. ಮೈಮೇಲೆ ಗಾಯ ಇದೆಯಾ, ಮನುಷ್ಯ ಭಯದಲ್ಲಿ ಇದ್ದಾನಾ ಅನ್ನುವುದು ಕ್ಯಾಮೆರಾದಲ್ಲಿ ಕಾಣದೇ ಹೋಗಬಹುದು. ಆ ಗೆರೆಯ ಬೆಲೆ ಇರುವುದು ಅಲ್ಲೇ. ಇಂಥ ಗೆರೆ ನೀವು ಅಧ್ಯಯನ ಮಾಡುವ ಕಾನೂನಿನಲ್ಲಿ ಎಲ್ಲಿದೆ ಅಂತ ಹುಡುಕಿ. ಒಳ್ಳೆಯ ಸಂಶೋಧನಾ ಪ್ರಶ್ನೆ ಸಿಗುವುದು ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ.

ಕಲಂಗಳ ಜೊತೆಗೆ ಕೋರ್ಟುಗಳ ನಿಯಮಗಳನ್ನೂ ಓದಿ. ಭಾರತದ ಹೈಕೋರ್ಟುಗಳು ಹೊರಡಿಸಿದ ವಿಡಿಯೋ ಕಾನ್ಫರೆನ್ಸ್ ನಿಯಮಗಳಲ್ಲಿ ಎರಡೂ ತುದಿಗೆ ಒಬ್ಬೊಬ್ಬ ಸಂಯೋಜಕ ಇರಬೇಕು ಎಂದಿದೆ. ಸಾಕ್ಷಿಗೆ ಪಕ್ಕದಿಂದ ಯಾರೂ ಹೇಳಿಕೊಡದಂತೆ ನೋಡಿಕೊಳ್ಳುವುದು ದೂರದ ತುದಿಯ ಸಂಯೋಜಕನ ಕೆಲಸ. ಕಾಗದದ ಮೇಲೆ ಇದು ಒಂದು ಸಾಲು. ನಿಜವಾಗಿ ಆ ಕೆಲಸ ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಅನ್ನುವುದರ ಮೇಲೇ ಒಂದು ಅಧ್ಯಾಯ ಬರೆಯಬಹುದು.

ಸಿನಾಪ್ಸಿಸ್ ಬರೆಯುವ ಮೊದಲೇ ಹೋಗಿ ನೋಡಿ

ಓದಿದ್ದನ್ನಷ್ಟೇ ಇಟ್ಟುಕೊಂಡು ಸಿನಾಪ್ಸಿಸ್ (ಸಂಶೋಧನಾ ಯೋಜನೆಯ ಸಾರಾಂಶ) ಬರೆದರೆ ಫೀಲ್ಡಿನಲ್ಲಿ ಅದು ನಿಲ್ಲುವುದಿಲ್ಲ. ಸಾರ್ವಜನಿಕರಿಗೆ ತೆರೆದಿರುವ ಕಲಾಪಗಳಲ್ಲಿ ಕೆಲವು ವಾರ ಸುಮ್ಮನೆ ಕೂತು ನೋಡಿ. ಏನು ಬರೆದುಕೊಳ್ಳಬೇಕು ಎಂದು ತಿಳಿಯಲು ಒಂದು ಬಂಧನ ವಿಸ್ತರಣೆಯ ಕಲಾಪವನ್ನು ಹತ್ತಿರದಿಂದ ನೋಡೋಣ.

ಬೆಂಚ್ ಕ್ಲರ್ಕ್ ಹೆಸರು ಕೂಗುತ್ತಾರೆ. ಪರದೆಯ ಮೇಲೆ ಜೈಲಿನ ಕೋಣೆ ಬರುತ್ತದೆ. ಒಬ್ಬ ಎದ್ದು ಕ್ಯಾಮೆರಾ ಎದುರು ಬಂದು ನಿಲ್ಲುತ್ತಾನೆ. ಕ್ಯಾಮೆರಾ ಮೇಲಿನಿಂದ ನೋಡುತ್ತಿದೆ, ಹಾಗಾಗಿ ಅವನ ಹಣೆ ಜಾಸ್ತಿ ಕಾಣುತ್ತದೆ, ಕಣ್ಣು ಕಡಿಮೆ. ಅವನು ನೋಡುತ್ತಿರುವುದು ತನ್ನ ಎದುರಿನ ಪರದೆಯನ್ನು, ಆದರೆ ಹಾಲಿನಲ್ಲಿ ಇರುವವರಿಗೆ ತಲೆ ತಗ್ಗಿಸಿ ನಿಂತಂತೆ ಕಾಣುತ್ತದೆ. ನ್ಯಾಯಾಧೀಶರು ಕಡತ ನೋಡುತ್ತಲೇ ಮುಂದಿನ ದಿನಾಂಕ ಹೇಳುತ್ತಾರೆ. ಅವನ ತುಟಿ ಅಲ್ಲಾಡುತ್ತದೆ, ಧ್ವನಿ ಬರುವುದಿಲ್ಲ. ಮೈಕ್ ಮ್ಯೂಟ್ ಆಗಿದೆ. ಯಾರೋ ಗಮನಿಸಿ ಹೇಳುವ ಹೊತ್ತಿಗೆ ಮುಂದಿನ ಹೆಸರು ಕೂಗಿ ಆಗಿರುತ್ತದೆ.

ಆದೇಶದ ಹಾಳೆಯಲ್ಲಿ ಉಳಿಯುವುದು ಇಷ್ಟೇ: ಆರೋಪಿಯನ್ನು ವಿಸಿ (ವಿಡಿಯೋ ಕಾನ್ಫರೆನ್ಸ್) ಮೂಲಕ ಹಾಜರುಪಡಿಸಲಾಯಿತು, ಬಂಧನ ವಿಸ್ತರಿಸಲಾಯಿತು. ಅವನು ಏನೋ ಹೇಳಲು ಹೊರಟಿದ್ದ ಅನ್ನುವುದು ಯಾವ ದಾಖಲೆಯಲ್ಲೂ ಇರುವುದಿಲ್ಲ. ನೀವು ಅಲ್ಲಿ ಕೂತು ಬರೆದುಕೊಂಡರೆ ಮಾತ್ರ ಉಳಿಯುತ್ತದೆ. ಆ ಟಿಪ್ಪಣಿಯೇ ನಿಮ್ಮ ಡೇಟಾ.

ಹಾಗಾಗಿ ಒಂದು ವೀಕ್ಷಣಾ ಹಾಳೆ ತಯಾರು ಮಾಡಿಕೊಳ್ಳಿ. ಎಲ್ಲ ಕಲಾಪಕ್ಕೂ ಅದೇ ಹಾಳೆ ಬಳಸಿ. ಕಲಾಪ ಶುರುವಾದ ಮತ್ತು ಮುಗಿದ ಹೊತ್ತು, ಯಾರು ಎಲ್ಲಿದ್ದರು, ಚಿತ್ರದಲ್ಲಿ ಮುಖ ಮಾತ್ರ ಕಾಣುತ್ತಿತ್ತೋ ಅರ್ಧ ಮೈಯೋ, ಲಿಂಕ್ ಎಷ್ಟು ಸಲ ಕಡಿಯಿತು, ಕಡಿದಾಗ ಕಲಾಪ ನಿಂತಿತೋ ಮುಂದುವರಿಯಿತೋ, ದೂರದವರಿಗೆ ಯಾರಾದರೂ "ಕೇಳಿಸ್ತಾ ಇದೆಯಾ?" ಎಂದು ಕೇಳಿದರೋ, ಆರೋಪಿ ಎಷ್ಟು ಸಲ ಮಾತಾಡಿದ, ಅವನ ಮಾತನ್ನು ಯಾರಾದರೂ ತಡೆದರೋ, ವಕೀಲರು ಅವನ ಜೊತೆ ಬೇರೆಯಾಗಿ ಮಾತಾಡಿದರೋ. ಹಾಳೆಯ ಕೆಳಗೆ ಅರ್ಧ ಪುಟ ಖಾಲಿ ಬಿಡಿ. ಯಾವ ಖಾನೆಗೂ ಸೇರದ ಸಂಗತಿಗಳು ಅಲ್ಲಿಗೆ ಹೋಗುತ್ತವೆ, ಕೊನೆಗೆ ಅವೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

ಒಂದು ಎಚ್ಚರ. ಲೈವ್ ಸ್ಟ್ರೀಮ್ ಆಗುವ ಕಲಾಪಗಳನ್ನು ಮನೆಯಲ್ಲೇ ಕೂತು ನೋಡಿ ಮುಗಿಸುವ ಆಸೆ ಬರುತ್ತದೆ. ಭಾರತದಲ್ಲಿ ಸ್ಟ್ರೀಮ್ ಆಗುವುದು ಹೆಚ್ಚಾಗಿ ಮೇಲಿನ ಕೋರ್ಟುಗಳ ವಾದ ವಿವಾದ. ಸಾಕ್ಷಿಯ ಪಾಟೀ ಸವಾಲು ಅಲ್ಲಿ ಸಿಗುವುದಿಲ್ಲ. ವೈವಾಹಿಕ ಪ್ರಕರಣ, ಲೈಂಗಿಕ ಅಪರಾಧ, ಮಕ್ಕಳ ಪ್ರಕರಣಗಳನ್ನು ನಿಯಮಗಳೇ ಹೊರಗಿಡುತ್ತವೆ. ಅಂದರೆ ವಿಡಿಯೋ ಲಿಂಕಿನಿಂದ ಅತಿ ಹೆಚ್ಚು ಬದಲಾವಣೆ ಆಗುವ ಜಾಗಗಳೇ ನಿಮ್ಮ ಸ್ಯಾಂಪಲ್‌ನಿಂದ ಬಿಟ್ಟುಹೋಗುತ್ತವೆ.

ಅನುಮತಿ: ಇವತ್ತೇ ಅರ್ಜಿ ಹಾಕಿ

ಕೋರ್ಟಿಗೆ, ಜೈಲು ಇಲಾಖೆಗೆ, ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿಗೆ ಬೇರೆ ಬೇರೆ ಅರ್ಜಿ ಬೇಕು. ಒಂದು ಬಂದ ಮೇಲೆ ಇನ್ನೊಂದು ಅಂತ ಕಾಯಬೇಡಿ, ಒಟ್ಟಿಗೇ ಹಾಕಿ. ಜೈಲಿನ ಅನುಮತಿ ಬಾರದೇ ಹೋಗುವ ಸಾಧ್ಯತೆ ನಿಜಕ್ಕೂ ದೊಡ್ಡದು. ಆಗ ಏನು ಮಾಡುತ್ತೀರಿ ಅನ್ನುವುದನ್ನು ಈಗಲೇ ಬರೆದಿಡಿ. ಬಿಡುಗಡೆಯಾದವರು, ಜಾಮೀನಿನ ಮೇಲೆ ಹೊರಗೆ ಇರುವವರು, ಖುಲಾಸೆಯಾದವರು ಆ ತುದಿಯನ್ನು ಒಳಗಿನಿಂದ ನೋಡಿದವರು. ಅವರ ಜೊತೆ ಮಾತಾಡಲು ಜೈಲಿನ ಬಾಗಿಲು ತಟ್ಟಬೇಕಾಗಿಲ್ಲ. ಅವರ ಕುಟುಂಬದವರು, ಕೈದಿಗಳಿಗೆ ಕಾನೂನು ನೆರವು ಕೊಡುವ ವಕೀಲರು ಕೂಡ ಬಹಳ ಹೇಳಬಲ್ಲರು.

ರೆಕಾರ್ಡಿಂಗ್ ವಿಷಯದಲ್ಲಿ ಯಾವ ಸಡಿಲಿಕೆಯೂ ಬೇಡ. ಫೋನಿನಲ್ಲಿ ಒಂದು ಸ್ಕ್ರೀನ್‌ಶಾಟ್ ತೆಗೆದರೆ ಏನಾಗುತ್ತದೆ ಅಂತ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ ಕೋರ್ಟಿನೊಳಗೆ ಫೋಟೊ ತೆಗೆಯುವುದು 1925ರ ಕಾಯ್ದೆಯಿಂದಲೇ ಅಪರಾಧ. ಅನುಮತಿಯಿಲ್ಲದೆ ಧ್ವನಿ ಮುದ್ರಿಸುವುದು 1981ರ ಕಾಯ್ದೆಯಡಿ ನ್ಯಾಯಾಂಗ ನಿಂದನೆ. ಭಾರತದಲ್ಲೂ ವಿಡಿಯೋ ಕಲಾಪವನ್ನು ಅನುಮತಿಯಿಲ್ಲದೆ ದಾಖಲಿಸುವಂತಿಲ್ಲ. ಸಂಶೋಧಕ ಅನ್ನುವ ಗುರುತಿನ ಚೀಟಿ ಇದರಿಂದ ಪಾರು ಮಾಡುವುದಿಲ್ಲ. ಪೆನ್ನು ಮತ್ತು ನೋಟ್‌ಬುಕ್ ಸಾಕು.

ಕಲಾಪ ಸಾರ್ವಜನಿಕ ಅಂದ ಮಾತ್ರಕ್ಕೆ ಆರೋಪಿಯ ಹೆಸರು ಪ್ರಬಂಧದಲ್ಲಿ ಬರಬೇಕಿಲ್ಲ. ಹೆಸರು ತೆಗೆದರಷ್ಟೇ ಸಾಲದು, ದಿನಾಂಕ ಮತ್ತು ಅಪರಾಧದ ವಿವರ ಸೇರಿದರೆ ಯಾರು ಅಂತ ಗೊತ್ತಾಗಿಬಿಡುತ್ತದೆ. ಇನ್ನು ಜೈಲಿನಲ್ಲಿ ಇರುವವರ ಒಪ್ಪಿಗೆ. ಅಧಿಕಾರಿ ಪಕ್ಕದಲ್ಲಿ ನಿಂತಿರುವಾಗ ಪಡೆದ ಸಹಿ ಒಪ್ಪಿಗೆಯಲ್ಲ. ಸಂದರ್ಶನ ಕೊಟ್ಟರೆ ಕೇಸಿಗೆ ಅನುಕೂಲ ಆಗುತ್ತದೆ ಎಂಬ ಆಸೆ ಹುಟ್ಟದಂತೆ, ಕೊಡದಿದ್ದರೆ ತೊಂದರೆ ಆಗುತ್ತದೆ ಎಂಬ ಭಯವೂ ಹುಟ್ಟದಂತೆ ಹೇಳಬೇಕು. ನಡೆಯುತ್ತಿರುವ ಕೇಸಿನ ಆರೋಪದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಬೇಡಿ.

ಹೋಲಿಕೆ ಇಲ್ಲದೆ ತೀರ್ಮಾನ ಇಲ್ಲ

ವಿಡಿಯೋ ಮೂಲಕ ಹಾಜರಾದವರಿಗೆ ಜಾಮೀನು ಕಡಿಮೆ ಸಿಕ್ಕಿತು ಎಂದುಕೊಳ್ಳಿ. ಅದು ವಿಡಿಯೋದಿಂದಲೇ ಆಯಿತು ಎಂದು ಹೇಗೆ ಹೇಳುತ್ತೀರಿ? ಗಂಭೀರ ಆರೋಪ ಇರುವವರನ್ನು ಭದ್ರತೆಯ ಕಾರಣಕ್ಕೆ ವಿಡಿಯೋದಲ್ಲೇ ಹಾಜರುಪಡಿಸುತ್ತಿದ್ದರೆ, ವಿಡಿಯೋ ಇಲ್ಲದಿದ್ದರೂ ಅವರಿಗೆ ಜಾಮೀನು ಕಡಿಮೆಯೇ ಸಿಗುತ್ತಿತ್ತು. ವೈವಾದಲ್ಲಿ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಮೊದಲು ಕೈ ಹಾಕುವುದೇ ಇಲ್ಲಿಗೆ.

ಇದನ್ನು ಚೆನ್ನಾಗಿ ನಿಭಾಯಿಸಿದ ಅಧ್ಯಯನ ಒಂದಿದೆ. ಅಮೆರಿಕದ ಶಿಕಾಗೊ ಇರುವ ಕುಕ್ ಕೌಂಟಿಯಲ್ಲಿ 1999ರಲ್ಲಿ ಹೆಚ್ಚಿನ ಜಾಮೀನು ಕಲಾಪಗಳನ್ನು ಕ್ಲೋಸ್ಡ್ ಸರ್ಕ್ಯೂಟ್ ಟಿವಿಗೆ ಬದಲಿಸಿದರು. ಆದರೆ ಕೊಲೆ, ಲೈಂಗಿಕ ದೌರ್ಜನ್ಯದಂಥ ಕೆಲವು ಪ್ರಕರಣಗಳು ಖುದ್ದು ಹಾಜರಿಯಲ್ಲೇ ಮುಂದುವರಿದವು. ಶಾರಿ ಡೈಮಂಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬದಲಾವಣೆಗೆ ಮುಂಚಿನ ಮತ್ತು ನಂತರದ ವರ್ಷಗಳ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಟಿವಿಗೆ ಬದಲಾದ ಪ್ರಕರಣಗಳಲ್ಲಿ ಜಾಮೀನಿನ ಮೊತ್ತ ಸರಾಸರಿ 51 ಶೇಕಡಾ ಏರಿತ್ತು. ಖುದ್ದು ಹಾಜರಿಯಲ್ಲೇ ಉಳಿದ ಪ್ರಕರಣಗಳಲ್ಲಿ ಅಂಥ ಏರಿಕೆ ಇರಲಿಲ್ಲ. ಆ ಹೊತ್ತಿಗೆ, ಒಂದು ಮೊಕದ್ದಮೆಯ ಫಲವಾಗಿ, 2008ರ ಕೊನೆಯಲ್ಲೇ ಅಲ್ಲಿ ಖುದ್ದು ಹಾಜರಿ ಮರಳಿತ್ತು. ಬದಲಾಗದೆ ಉಳಿದ ಆ ಕೆಲವು ಪ್ರಕರಣಗಳೇ ಈ ಅಧ್ಯಯನದ ಜೀವಾಳ. ನಿಮ್ಮ ಫೀಲ್ಡಿನಲ್ಲೂ ಅಂಥದ್ದು ಏನಾದರೂ ಇದೆಯಾ ನೋಡಿ: ವಿಡಿಯೋ ತಡವಾಗಿ ಬಂದ ಕೋರ್ಟ್, ಉಪಕರಣ ಕೆಟ್ಟು ಕೆಲ ಕಾಲ ಖುದ್ದು ಹಾಜರಿಗೆ ಮರಳಿದ ಜೈಲು, ನಿಯಮವೇ ಹೊರಗಿಟ್ಟ ಪ್ರಕರಣಗಳು.

ಇನ್ನೊಂದು ಅಧ್ಯಯನವನ್ನು ಇದರ ಪಕ್ಕದಲ್ಲಿ ಇಡಬೇಕು. ಇಂಗ್ರಿಡ್ ಈಗ್ಲಿ 2015ರಲ್ಲಿ ಅಮೆರಿಕದ ವಲಸೆ ಕೋರ್ಟುಗಳ ಬಗ್ಗೆ ಬರೆದದ್ದು. ಬಂಧನದಲ್ಲಿದ್ದು ವಿಡಿಯೋ ಮೂಲಕ ಹಾಜರಾದವರು ಹೆಚ್ಚು ಗಡಿಪಾರಾದರು. ಹಾಗಾದರೆ ನ್ಯಾಯಾಧೀಶರು ಅವರ ಅರ್ಜಿಗಳನ್ನು ಹೆಚ್ಚು ತಿರಸ್ಕರಿಸಿದರು ಅಂತ ಅರ್ಥವೇ? ಅಲ್ಲ. ಅರ್ಜಿ ಹಾಕಿದವರ ಮಟ್ಟಿಗೆ ಅಂಥ ವ್ಯತ್ಯಾಸ ಇರಲಿಲ್ಲ. ವಿಡಿಯೋದಲ್ಲಿದ್ದವರು ಅರ್ಜಿ ಹಾಕಿದ್ದೇ ಕಡಿಮೆ, ವಕೀಲರನ್ನು ಇಟ್ಟುಕೊಂಡದ್ದೂ ಕಡಿಮೆ. ಅವರು ಕೈಚೆಲ್ಲಿದ್ದರು. ಬರೀ ತೀರ್ಪುಗಳನ್ನು ಎಣಿಸುವವರಿಗೆ ಇದು ಸಿಗುವುದಿಲ್ಲ. ದೂರದ ತುದಿಯಲ್ಲಿ ಕೂತವನು ಏನು ಮಾಡಲಿಲ್ಲ ಅನ್ನುವುದನ್ನೂ ಎಣಿಸಬೇಕು. ಕೇಳದ ಪ್ರಶ್ನೆ, ಹಾಕದ ಅರ್ಜಿ, ಕರೆಸದ ಸಾಕ್ಷಿ, ಇವುಗಳಿಗೂ ನಿಮ್ಮ ಹಾಳೆಯಲ್ಲಿ ಖಾನೆ ಇರಲಿ.

ಇಂಗ್ಲೆಂಡಿನಲ್ಲಿ 2009ರಲ್ಲಿ ಶುರುವಾದ ಪ್ರಯೋಗವೂ ಇದೇ ಕಡೆ ಕೈ ತೋರಿಸುತ್ತದೆ. ಲಂಡನ್ ಮತ್ತು ಕೆಂಟ್‌ನಲ್ಲಿ ಆರೋಪಿಗಳು ಪೊಲೀಸ್ ಠಾಣೆಯಿಂದಲೇ ಮ್ಯಾಜಿಸ್ಟ್ರೇಟ್ ಎದುರು ವಿಡಿಯೋ ಮೂಲಕ ಹಾಜರಾದರು. ಸರ್ಕಾರವೇ ಮಾಡಿಸಿದ ಮೌಲ್ಯಮಾಪನದಲ್ಲಿ ವಕೀಲರ ನೆರವು ಪಡೆದವರ ಪ್ರಮಾಣ ಕಡಿಮೆ ಇತ್ತು, ತಪ್ಪೊಪ್ಪಿಗೆ ತುಸು ಹೆಚ್ಚಿತ್ತು. ಉಳಿಯಬೇಕಿದ್ದ ಹಣವೂ ಉಳಿಯಲಿಲ್ಲ.

2020 ಮತ್ತು 2021ರ ಅಂಕಿ ಅಂಶ ಬಳಸುವಾಗ ಜೋಪಾನ. ಆಗ ಬದಲಾದದ್ದು ಹಾಜರಾತಿಯ ವಿಧಾನ ಒಂದೇ ಅಲ್ಲ. ಬಂಧನಗಳ ಸಂಖ್ಯೆ, ಯಾವ ಕೇಸು ಮೊದಲು ಕೈಗೆತ್ತಿಕೊಳ್ಳಬೇಕು ಅನ್ನುವ ಆದ್ಯತೆ, ಜೈಲುಗಳಲ್ಲಿ ಜನ ಕಡಿಮೆ ಮಾಡುವ ಒತ್ತಡ, ಎಲ್ಲವೂ ಒಟ್ಟಿಗೇ ಬದಲಾದವು. ಜಾಮೀನು ಹೆಚ್ಚಿಗೆ ಸಿಕ್ಕಿದ್ದರೆ ಅದರ ಪುಣ್ಯವನ್ನು ವಿಡಿಯೋಗೆ ಕಟ್ಟಲು ಬರುವುದಿಲ್ಲ. ಹೋಲಿಕೆಗೆ ಇಳಿಯುವ ಮೊದಲೇ ಇನ್ನೊಂದು ವಿಷಯ ಖಾತ್ರಿ ಮಾಡಿಕೊಳ್ಳಿ: ಕಲಾಪ ವಿಡಿಯೋದಲ್ಲಿ ನಡೆಯಿತೋ ಖುದ್ದಾಗಿಯೋ ಅನ್ನುವುದು ನಿಮಗೆ ಸಿಗುವ ದಾಖಲೆಯಲ್ಲಿ ಬರೆದಿದೆಯಾ? ಇಲ್ಲದಿದ್ದರೆ ಪ್ರತಿ ಕಡತದ ಆದೇಶ ಹಾಳೆ ಓದಬೇಕಾಗುತ್ತದೆ. ಇಪ್ಪತ್ತು ಕಡತ ತೆಗೆದು ಪರೀಕ್ಷಿಸಿ, ಆಮೇಲೆ ವಿಧಾನ ನಿರ್ಧರಿಸಿ.

ಉಪಕರಣಗಳನ್ನು ಕಡೆಗಣಿಸಬೇಡಿ

ಕಾನೂನು ವಿಭಾಗದಿಂದ ಬಂದವರು ಇಲ್ಲಿ ಸ್ವಲ್ಪ ಹಿಂಜರಿಯುತ್ತಾರೆ. ಆದರೆ ಕ್ಯಾಮೆರಾ ಎಲ್ಲಿದೆ, ಮೈಕ್ ಎಂಥದ್ದು ಅನ್ನುವುದು ತೀರ್ಪಿನವರೆಗೂ ತಲುಪುವ ಸಂಗತಿ. ಪೊಲೀಸ್ ವಿಚಾರಣೆಯ ವಿಡಿಯೋಗಳ ಮೇಲೆ ಮನೋವಿಜ್ಞಾನಿ ಡೇನಿಯಲ್ ಲಾಸಿಟರ್ ಮಾಡಿದ ಪ್ರಯೋಗಗಳಲ್ಲಿ, ಕ್ಯಾಮೆರಾ ಆರೋಪಿಯೊಬ್ಬನ ಮೇಲೇ ಇದ್ದಾಗ ಅವನು ಸ್ವಂತ ಮನಸ್ಸಿನಿಂದ ತಪ್ಪೊಪ್ಪಿಕೊಂಡಂತೆ ನೋಡುವವರಿಗೆ ಹೆಚ್ಚು ಅನ್ನಿಸಿತು. ಅಧಿಕಾರಿಯೂ ಆರೋಪಿಯೂ ಇಬ್ಬರೂ ಕಾಣುವಂತೆ ಇಟ್ಟಾಗ ಆ ಅನಿಸಿಕೆ ತಗ್ಗಿತು. ಮಾತು ಒಂದೇ, ಕೋನ ಬೇರೆ.

ಧ್ವನಿಯ ಕಥೆಯೂ ಹೀಗೇ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅದೇ ಸಾಕ್ಷ್ಯವನ್ನು ಕೆಟ್ಟ ಆಡಿಯೊದಲ್ಲಿ ಕೇಳಿದವರು ಸಾಕ್ಷಿಯನ್ನು ಕಡಿಮೆ ನಂಬಿದರು, ಅವರ ಮಾತಿಗೆ ಕಡಿಮೆ ತೂಕ ಕೊಟ್ಟರು. ಲಿಂಕಿನ ವಿಳಂಬ ಇನ್ನೂ ಸೂಕ್ಷ್ಮ. ಮುಖಾಮುಖಿ ಮಾತಿನಲ್ಲಿ ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನ ಇದನ್ನು ತೋರಿಸಿದೆ. ಲಿಂಕಿನಲ್ಲಿ ಅರ್ಧ ಸೆಕೆಂಡ್ ತಡವಾದರೂ ಈ ಲಯ ಮುರಿಯುತ್ತದೆ. ಪಾಟೀ ಸವಾಲಿನಲ್ಲಿ "ನೀವು ಅಲ್ಲಿ ಇದ್ದಿರಾ?" ಎಂದು ಕೇಳಿದಾಗ ಸಾಕ್ಷಿ ತಕ್ಷಣ ಉತ್ತರ ಕೊಟ್ಟರೂ ಹಾಲಿನಲ್ಲಿ ಇರುವವರಿಗೆ ತಡವರಿಸಿದಂತೆ ಕೇಳಿಸುತ್ತದೆ. ಮೌನ ಸಾಕ್ಷಿಯದ್ದಲ್ಲ, ಲೈನಿನದ್ದು. ನಿಮ್ಮ ಟಿಪ್ಪಣಿಯಲ್ಲಿ ಆ ಎರಡನ್ನೂ ಬೇರೆ ಮಾಡಲು ಸಾಧ್ಯವಾದರೆ ಪ್ರಬಂಧಕ್ಕೆ ದೊಡ್ಡ ಬಲ.

ಆದರೆ "ಮುಖಭಾವ ಸರಿಯಾಗಿ ಕಾಣದು, ಹಾಗಾಗಿ ಸುಳ್ಳು ಪತ್ತೆಯಾಗದು" ಎಂಬ ವಾದವನ್ನು ಸುಲಭವಾಗಿ ಒಪ್ಪಬೇಡಿ. ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯ ಪ್ರಕಾರ ಜನ ಸುಳ್ಳು ಮತ್ತು ನಿಜವನ್ನು ಸರಿಯಾಗಿ ಗುರುತಿಸುವುದು ಸುಮಾರು 54 ಶೇಕಡಾ ಸಲ ಮಾತ್ರ. ಖುದ್ದಾಗಿ ನೋಡಿದರೂ ಮುಖ ಓದುವುದರಲ್ಲಿ ನಾವು ಅಷ್ಟೇನೂ ಗಟ್ಟಿಗರಲ್ಲ. ವಿಡಿಯೋದ ನಿಜವಾದ ತೊಂದರೆ ಸುಳ್ಳು ತಪ್ಪಿಸಿಕೊಳ್ಳುವುದರಲ್ಲಿ ಇಲ್ಲ. ಮನುಷ್ಯ ದೂರದವನಾಗಿ ಕಾಣುವುದರಲ್ಲಿ, ಅವನ ವಕೀಲ ಅವನ ಕೈಗೆ ಸಿಗದಿರುವುದರಲ್ಲಿ ಇದೆ ಎಂಬುದು ನನ್ನ ದೃಢ ಅಭಿಪ್ರಾಯ.

ಸಂದರ್ಶನಗಳು

ಮೊದಲು ಬೆಂಚ್ ಕ್ಲರ್ಕ್, ತಾಂತ್ರಿಕ ಸಿಬ್ಬಂದಿ, ಜೈಲಿನ ಸಂಯೋಜಕರನ್ನು ಮಾತಾಡಿಸಿ. ದಿನಾ ಲಿಂಕ್ ಹಾಕುವವರು ಅವರೇ. ಎಲ್ಲಿ ಕಡಿಯುತ್ತದೆ, ಯಾವ ಹೊತ್ತಿನಲ್ಲಿ ಕ್ಯೂ ಜಾಸ್ತಿ, ಯಾರು ಎಷ್ಟು ಕಾಯುತ್ತಾರೆ ಎಲ್ಲ ಅವರಿಗೆ ಬಾಯಿಪಾಠ. ಆಮೇಲೆ ವಕೀಲರು. ನ್ಯಾಯಾಧೀಶರು ಕೊನೆಗೆ ಇರಲಿ, ಅಷ್ಟರಲ್ಲಿ ನಿಮ್ಮ ಪ್ರಶ್ನೆಗಳು ಹರಿತವಾಗಿರುತ್ತವೆ.

"ವಿಡಿಯೋ ಕಲಾಪ ಚೆನ್ನಾಗಿದೆಯಾ?" ಎಂದು ಕೇಳಿದರೆ "ಸಮಯ ಉಳಿಯುತ್ತೆ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕೊನೆಯ ಕಲಾಪದ ಬಗ್ಗೆ ಕೇಳಿ. "ಅವತ್ತು ನಿಮ್ಮ ಕಕ್ಷಿದಾರರ ಜೊತೆ ಯಾವಾಗ ಮಾತಾಡಿದಿರಿ? ಹೇಗೆ? ಆಗ ಪಕ್ಕದಲ್ಲಿ ಯಾರಿದ್ದರು?" ವಿಡಿಯೋ ಮೂಲಕ ಹಾಜರಾಗಿದ್ದವರನ್ನು ಕೇಳುವಾಗ ಕಾನೂನಿನ ಪದ ಬಿಡಿ. "ನಿಮಗೆ ಪರದೆಯಲ್ಲಿ ಯಾರು ಯಾರು ಕಾಣುತ್ತಿದ್ದರು? ಜಡ್ಜ್ ಯಾರು ಅಂತ ಗೊತ್ತಾಯಿತಾ? ಏನು ಆದೇಶ ಆಯಿತು ಅಂತ ನಿಮಗೆ ತಿಳಿದದ್ದು ಯಾವಾಗ?" ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಎಷ್ಟೋ ಸಲ ಆದೇಶ ತಿಳಿಯುವುದು ಪರದೆ ಆರಿದ ಮೇಲೆ, ಇನ್ನೊಬ್ಬರ ಬಾಯಿಂದ.

ದುಭಾಷಿ ಇರುವ ಕಲಾಪಗಳನ್ನು ಬೇರೆಯಾಗಿ ಗುಂಪು ಮಾಡಿ. ಹಾಲಿನಲ್ಲಾದರೆ ದುಭಾಷಿ ಆರೋಪಿಯ ಕಿವಿಯ ಹತ್ತಿರ ಮೆಲ್ಲಗೆ ಹೇಳುತ್ತಾ ಹೋಗಬಹುದು. ಒಂದೇ ಧ್ವನಿ ಹರಿಯುವ ಲಿಂಕಿನಲ್ಲಿ ಅದು ಆಗದು. ಎಲ್ಲರೂ ನಿಂತು ನಿಂತು ಮಾತಾಡಬೇಕು, ಇಲ್ಲವೇ ಒಂದಷ್ಟು ಮಾತು ಅನುವಾದವಾಗದೇ ಬಿಟ್ಟುಹೋಗುತ್ತದೆ. ಏನು ಬಿಟ್ಟುಹೋಯಿತು ಅನ್ನುವುದನ್ನು ಎರಡೂ ಭಾಷೆ ಬಲ್ಲ ಸಂಶೋಧಕರಷ್ಟೇ ಹಿಡಿಯಬಲ್ಲರು. ನಿಮಗೆ ಅಂಥ ಎರಡು ಭಾಷೆ ಗೊತ್ತಿದ್ದರೆ ನಿಮ್ಮ ವಿಷಯ ಅಲ್ಲೇ ಇದೆ, ಬೇರೆ ಕಡೆ ಹುಡುಕಬೇಡಿ.

ಬರವಣಿಗೆ

ಪ್ರತಿ ವೀಕ್ಷಣೆಗೂ ದಿನಾಂಕ, ಸಾಫ್ಟ್‌ವೇರ್, ಕ್ಯಾಮೆರಾ ಇಟ್ಟ ಜಾಗ ನಮೂದಿಸಿ. ನೀವು ಬರೆದು ಮುಗಿಸುವ ಹೊತ್ತಿಗೆ ಉಪಕರಣ ಬದಲಾಗಿರುತ್ತದೆ, ಪ್ರಾಯಶಃ ಕಾನೂನೂ ಬದಲಾಗಿರುತ್ತದೆ. "ಇದು ಹಳೆಯ ಕ್ಯಾಮೆರಾದ ಸಮಸ್ಯೆ, ಈಗ ಸರಿಹೋಗಿದೆ" ಎಂದು ಯಾರಾದರೂ ಹೇಳಿದರೆ ಉತ್ತರ ಸಿದ್ಧವಿರಬೇಕು. ಅದಕ್ಕೆ ನಿಮ್ಮ ಫಲಿತಾಂಶಗಳನ್ನು ಎರಡಾಗಿ ವಿಂಗಡಿಸಿ: ಒಳ್ಳೆಯ ಉಪಕರಣ ತಂದರೆ ಹೋಗುವ ತೊಂದರೆಗಳು ಒಂದು ಕಡೆ, ಎಷ್ಟೇ ಒಳ್ಳೆಯ ಉಪಕರಣ ಬಂದರೂ ಉಳಿಯುವವು ಇನ್ನೊಂದು ಕಡೆ. ಮಂಕು ಚಿತ್ರ ಮೊದಲನೆಯದು. ವಕೀಲರ ತೋಳು ಮುಟ್ಟಿ "ಸರ್, ಅದು ಸುಳ್ಳು" ಎಂದು ಪಿಸುಗುಟ್ಟಲು ಆಗದಿರುವುದು ಎರಡನೆಯದು.

ಅನುಕೂಲಗಳನ್ನೂ ಅಷ್ಟೇ ಗಮನ ಕೊಟ್ಟು ಬರೆಯಿರಿ. ಹಾಸಿಗೆ ಹಿಡಿದ ಸಾಕ್ಷಿ, ತನ್ನ ಮೇಲೆ ಹಲ್ಲೆ ಮಾಡಿದವನನ್ನು ಎದುರಿಸಲು ಹೆದರುವ ಹೆಣ್ಣುಮಗಳು, ಮೂರು ಮಾತು ಹೇಳಲು ದಿನಗಟ್ಟಲೆ ಕೆಲಸ ಬಿಟ್ಟು ಬರಬೇಕಾದ ಮನುಷ್ಯ, ಇವರಿಗೆಲ್ಲ ಈ ಲಿಂಕ್ ನಿಜವಾದ ನೆರವು. ಜೈಲಿನ ವ್ಯಾನಿನಲ್ಲಿ ಗಂಟೆಗಟ್ಟಲೆ ಕೂತು ಬಂದು, ಒಂದು ಡೇಟ್ ಕೇಳಿಸಿಕೊಂಡು ಹಿಂದಿರುಗುವುದಕ್ಕಿಂತ ವಿಡಿಯೋನೇ ವಾಸಿ ಎನ್ನುವ ಕೈದಿಗಳೂ ನಿಮಗೆ ಸಿಗುತ್ತಾರೆ. ಅವರ ಮಾತು ನಿಮ್ಮ ವಾದಕ್ಕೆ ಹೊಂದದಿದ್ದರೂ ಪ್ರಬಂಧದಲ್ಲಿ ಇರಬೇಕು.

ಸಲ್ಲಿಸಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಮೂರ್ನಾಲ್ಕು ಪುಟದಲ್ಲಿ, ಸಿಬ್ಬಂದಿಗೂ ಅರ್ಥವಾಗುವ ಭಾಷೆಯಲ್ಲಿ, ನಾಳೆಯೇ ಮಾಡಬಹುದಾದ ಬದಲಾವಣೆಗಳನ್ನು ಬರೆದು ಅನುಮತಿ ಕೊಟ್ಟ ಕೋರ್ಟಿಗೂ ಜೈಲಿಗೂ ಕಳಿಸಿ. ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ಇಳಿಸುವುದು, ಹೆಸರು ಕೂಗಿದ ಕೂಡಲೇ ಮೈಕ್ ತೆರೆದಿದೆಯಾ ಎಂದು ಕೇಳುವುದು, ಕಲಾಪ ಶುರುವಾಗುವ ಮೊದಲು ವಕೀಲರಿಗೂ ಆರೋಪಿಗೂ ಬೇರೆ ಲಿಂಕಿನಲ್ಲಿ ಹತ್ತು ನಿಮಿಷ ಕೊಡುವುದು, ಪರದೆ ಆರಿಸುವ ಮುನ್ನ ಆದೇಶವನ್ನು ಅವನ ಭಾಷೆಯಲ್ಲಿ ಒಂದು ಸಲ ಹೇಳುವುದು.